ಸರ್ವರ್ ಮೆಮೊರಿ ಕೆಂಪಾಗಿದೆಯಾ? ಹೊಸ ರ‍್ಯಾಮ್ ತರಿಸುವ ಮೊದಲು ಇವನ್ನು ನೋಡಿ

ತೋಟದ ಆಫೀಸು, ಕಾಫಿ ಕ್ಯೂರಿಂಗ್ ವರ್ಕ್ಸ್, ಸಹಕಾರ ಸಂಘ, ಹೋಂಸ್ಟೇ. ಕೊಡಗಿನಲ್ಲಿ ಈಗ ಇಂಥ ಎಷ್ಟೋ ಕಡೆ ಮೂಲೆಯಲ್ಲೊಂದು ಸಣ್ಣ ಲಿನಕ್ಸ್ ಸರ್ವರ್ ಇರುತ್ತದೆ. ಅದರ ಮೇಲೆ ಕಣ್ಣಿಡೋಕೆ ಜ್ಯಾಬಿಕ್ಸೋ ಪ್ರೊಮಿಥಿಯಸ್ಸೋ ಹಾಕಿರುತ್ತಾರೆ. ಒಂದು ದಿನ ಮೊಬೈಲಿಗೆ ಮೆಸೇಜ್ ಬರುತ್ತದೆ, ಮೆಮೊರಿ 97%. ತೋಟದ ರೈಟರ್ (ಲೆಕ್ಕ ಬರೆಯುವವರು) ಗಾಬರಿಯಿಂದ ಫೋನ್ ಮಾಡುತ್ತಾರೆ, ಆಮೇಲೆ ಓನರ್ ಮಾಡುತ್ತಾರೆ, ಅಷ್ಟರಲ್ಲಿ ಯಾರೋ ‘ರ‍್ಯಾಮ್ ಹಾಕ್ಸಿಬಿಡಿ ಸರ್’ ಅಂದಿರುತ್ತಾರೆ. ದುಡ್ಡು ಖರ್ಚು ಮಾಡಿ ಹಾಕಿಸಿದ ಮೇಲೂ ವಾರದಲ್ಲಿ ಮತ್ತೆ ಅದೇ 97%.

ಬಹಳ ಸಲ ಇಲ್ಲಿ ಕೆಟ್ಟಿರುವುದು ಲೆಕ್ಕ ಹಾಕುವ ರೀತಿ. ಇನ್ನು ಮೆಮೊರಿ ನಿಜವಾಗಿಯೂ ಮುಗಿದ ರಾತ್ರಿ ಏನಾಯಿತು ಅಂತ ಹೇಳಬೇಕಾದ ಲಾಗ್ (ಮೆಷಿನ್ ತಾನೇ ಬರೆದಿಡುವ ದಾಖಲೆ) ಇರುವುದೇ ಇಲ್ಲ. ಈ ಎರಡನ್ನು ಸರಿ ಮಾಡಿಕೊಂಡರೆ ಉಳಿದದ್ದು ಸುಲಭ. ಕಣ್ಣಿಗೆ ಬೀಳುವ ಲಕ್ಷಣ ಹಿಡಿದು, ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ ಹೋಗೋಣ. ಕಮಾಂಡ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಮುಟ್ಟುವ ಮೊದಲು ಎರಡು ಮಾತು. ಬ್ಯಾಕಪ್ ಇದೆಯಾ ನೋಡಿ. ಮತ್ತೆ, ಸರ್ವರ್ ಇನ್ನೂ ಉಸಿರಾಡುತ್ತಿದ್ದರೆ ತಕ್ಷಣ ರೀಸ್ಟಾರ್ಟ್ ಮಾಡಬೇಡಿ. ರೀಸ್ಟಾರ್ಟ್ ಮಾಡಿದ ಕೂಡಲೇ ಎಲ್ಲವೂ ಸರಿ ಹೋದ ಹಾಗೆ ಕಾಣುತ್ತದೆ, ಆದರೆ ಕಾರಣದ ಗುರುತೂ ಅದರ ಜೊತೆಗೇ ಅಳಿಸಿ ಹೋಗುತ್ತದೆ.

## ಮೆಮೊರಿ ಯಾವಾಗಲೂ 95% ಮೇಲೆ, ಆದರೆ ಕೆಲಸ ಮಾತ್ರ ಚೆನ್ನಾಗಿಯೇ ನಡೆಯುತ್ತಿದೆ

ಅತಿ ಹೆಚ್ಚು ಕಾಣುವ ದೂರು ಇದೇ. ‘ಫ್ರೀ -ಎಚ್’ ಅಂತ ಹೊಡೆಯಿರಿ. 8 ಜಿಬಿ ಮೆಷಿನ್‌ನಲ್ಲಿ ಸುಮಾರಾಗಿ ಹೀಗೆ ಬರುತ್ತದೆ:

ಟೋಟಲ್ 7.6, ಯೂಸ್ಡ್ 2.0, ಫ್ರೀ 0.2, ಬಫ್/ಕ್ಯಾಶ್ 5.4, ಅವೈಲಬಲ್ 5.2

ಫ್ರೀ ಬರೀ 0.2 ಇರೋದು ನೋಡಿ ಎದೆ ಧಸಕ್ ಅನ್ನುತ್ತದೆ. ಆದರೆ ನೋಡಬೇಕಾದದ್ದು ಕೊನೆಯ ಕಾಲಂ, ಅವೈಲಬಲ್. ಲಿನಕ್ಸ್ ಯಾವ ರ‍್ಯಾಮನ್ನೂ ಸುಮ್ನೆ ಖಾಲಿ ಬಿಡುವುದಿಲ್ಲ. ಓದಿದ ಫೈಲುಗಳನ್ನು ಅಲ್ಲೇ ಇಟ್ಟುಕೊಂಡಿರುತ್ತದೆ, ಮತ್ತೆ ಬೇಕಾದಾಗ ಡಿಸ್ಕಿಗೆ ಹೋಗೋದು ತಪ್ಪಲಿ ಅಂತ. ಇದೇ ಕ್ಯಾಶ್. ಕಾಫಿ ಕಣ ಖಾಲಿ ಇದ್ದಾಗ ಅಲ್ಲಿ ಸೌದೆಯೋ ಮೆಣಸೋ ಹರವಿರುತ್ತೀರಿ, ಕುಯ್ಲು ಶುರುವಾದ ಕೂಡಲೇ ಎತ್ತಿ ಜಾಗ ಮಾಡುತ್ತೀರಿ ಅಲ್ವಾ, ಕ್ಯಾಶ್ ಕೂಡ ಹಾಗೇ. ಪ್ರೋಗ್ರಾಂ ಕೇಳಿದರೆ ಕರ್ನಲ್ (ಲಿನಕ್ಸ್‌ನ ತಿರುಳು, ಮೆಮೊರಿ ಹಂಚುವುದು ಇದೇ) ಆ ಜಾಗ ಬಿಟ್ಟುಕೊಡುತ್ತದೆ.

ಹಳೆಯ ಮಾನಿಟರಿಂಗ್ ಸ್ಕ್ರಿಪ್ಟುಗಳು ಟೋಟಲ್‌ನಿಂದ ಫ್ರೀ ಕಳೆದು ‘ಬಳಕೆ’ ಅಂತ ತೋರಿಸುತ್ತವೆ. ಮೇಲಿನ ಮೆಷಿನ್‌ನಲ್ಲಿ ಅದು 97%. ಟೋಟಲ್‌ನಿಂದ ಅವೈಲಬಲ್ ಕಳೆದರೆ 32%. ಒಂದೇ ಮೆಷಿನ್, ಒಂದೇ ಕ್ಷಣ, ಒಂದು ಲೆಕ್ಕಕ್ಕೆ ಹೊಸ ರ‍್ಯಾಮ್ ಬೇಕು, ಇನ್ನೊಂದಕ್ಕೆ ಏನೂ ಬೇಡ.

ಅವೈಲಬಲ್ ಅಂಕಿಯನ್ನು ಕರ್ನಲ್ ತಾನೇ ಅಂದಾಜು ಮಾಡಿ ಕೊಡೋಕೆ ಶುರು ಮಾಡಿದ್ದು 3.14 ಆವೃತ್ತಿಯಿಂದ, ಅಂದರೆ 2014ರಲ್ಲಿ. ಅದಕ್ಕಿಂತ ಹಿಂದೆ ಬರೆದ ಸ್ಕ್ರಿಪ್ಟುಗಳಿಗೆ ಅದು ಗೊತ್ತೇ ಇಲ್ಲ, ಅವನ್ನೇ ಎಲ್ಲರೂ ಕಾಪಿ ಮಾಡಿಕೊಂಡು ಬಂದಿದ್ದಾರೆ. ಪ್ರೊಮಿಥಿಯಸ್‌ನಲ್ಲಿ ನೋಡ್ ಎಕ್ಸ್‌ಪೋರ್ಟರ್ ಕೊಡುವ ‘ಮೆಮ್‌ಅವೈಲಬಲ್’ ಅಳತೆ ತೆಗೆದುಕೊಳ್ಳಿ, ‘ಮೆಮ್‌ಫ್ರೀ’ ಬಿಟ್ಟುಬಿಡಿ. ಜ್ಯಾಬಿಕ್ಸ್‌ನಲ್ಲಿ ವಿಎಂ ಮೆಮೊರಿ ಸೈಜ್ ಐಟಂಗೆ ‘ಅವೈಲಬಲ್’ ಅಥವಾ ಶೇಕಡಾ ಬೇಕಿದ್ದರೆ ‘ಪಿಅವೈಲಬಲ್’ ಕೊಡಿ. ಅಲರ್ಟ್‌ಗೆ ಒಂದೇ ಅಂಕಿ ಸಾಲದು, ಸಮಯವೂ ಬೇಕು. ‘ಅವೈಲಬಲ್ 10%ಗಿಂತ ಕಡಿಮೆ, ಅದೂ 5 ನಿಮಿಷ ಸತತವಾಗಿ’ ಅಂತ ಇಡೋದು ನನಗೆ ಸರಿ ಅನಿಸುತ್ತದೆ. ರಾತ್ರಿ ಬ್ಯಾಕಪ್ ಓಡುವಾಗ ಒಂದು ಕ್ಷಣ ಇಳಿದದ್ದಕ್ಕೆಲ್ಲ ಫೋನ್ ಕಿರುಚಿದರೆ ಜನ ಅಲರ್ಟ್ ನೋಡೋದನ್ನೇ ಬಿಡುತ್ತಾರೆ.

ಇಲ್ಲಿ ಎರಡು ಎಚ್ಚರಿಕೆ. ಕ್ಯಾಶ್ ಖಾಲಿ ಮಾಡುವ ‘ಡ್ರಾಪ್ ಕ್ಯಾಶಸ್’ ಕಮಾಂಡನ್ನು ಗಂಟೆಗೊಮ್ಮೆ ಕ್ರಾನ್‌ಗೆ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ) ಹಾಕುವ ಚಾಳಿ ಕೆಲವು ಕಡೆ ಇದೆ. ಗ್ರಾಫ್ ಹಸಿರಾಗುತ್ತದೆ, ಅಷ್ಟೇ. ಡೇಟಾಬೇಸ್ ಎಲ್ಲವನ್ನೂ ಮತ್ತೆ ಡಿಸ್ಕಿನಿಂದ ಓದಬೇಕು, ಹಾಗಾಗಿ ಮೆಷಿನ್ ನಿಧಾನ ಆಗುತ್ತದೆ. ಹಾಕಿದ್ದರೆ ತೆಗೆಯಿರಿ. ಎರಡನೆಯದು, ಬಫ್/ಕ್ಯಾಶ್‌ನಲ್ಲಿ ಕಾಣುವುದೆಲ್ಲ ಬಿಟ್ಟುಕೊಡುವ ಮೆಮೊರಿ ಅಲ್ಲ. ‘ಶೇರ್ಡ್’ ಕಾಲಂನಲ್ಲಿ ದೊಡ್ಡ ಅಂಕಿ ಇದ್ದರೆ ಯಾರೋ ರ‍್ಯಾಮ್ ಮೇಲೆ ಕೂರುವ ಟೆಂಪ್‌ಎಫ್‌ಎಸ್ ಫೋಲ್ಡರಿಗೆ ಫೈಲ್ ತುಂಬುತ್ತಿದ್ದಾರೆ ಅಥವಾ ಡೇಟಾಬೇಸ್ ಹಂಚಿಕೆಯ ಮೆಮೊರಿ ಹಿಡಿದಿದೆ. ಅದನ್ನು ಕರ್ನಲ್ ಹಾಗೆಲ್ಲ ಎಸೆಯುವಂತಿಲ್ಲ.

## ಟಾಪ್‌ನಲ್ಲಿ ಒಂದು ಲೆಕ್ಕ, ಡ್ಯಾಶ್‌ಬೋರ್ಡ್‌ನಲ್ಲಿ ಇನ್ನೊಂದು

ಟಾಪ್ ಅಂದರೆ ಓಡುತ್ತಿರುವ ಪ್ರೋಸೆಸ್‌ಗಳ (ಪ್ರೋಗ್ರಾಂಗಳ) ಪಟ್ಟಿ ತೋರಿಸುವ ಕಮಾಂಡ್. ಮೊದಲು ಅಳತೆಯ ಘಟಕ ನೋಡಿ. ಒಂದು ಕಡೆ 1000ದಿಂದ ಭಾಗಿಸುತ್ತಾರೆ, ಇನ್ನೊಂದು ಕಡೆ 1024ರಿಂದ. ಜಿಬಿ ಮಟ್ಟಕ್ಕೆ ಬರುವಷ್ಟರಲ್ಲಿ ಸುಮಾರು 7% ವ್ಯತ್ಯಾಸ ಆಗಿಬಿಡುತ್ತದೆ. ‘ಮೆಮ್‌ಇನ್ಫೋ’ ಫೈಲಿನಲ್ಲಿ (ಕರ್ನಲ್ ಈ ಅಂಕಿಗಳನ್ನು ಕೊಡುವ ಜಾಗ) ಕೆಬಿ ಅಂತ ಬರೆದಿದ್ದರೂ ಅದು 1024 ಬೈಟಿನ ಲೆಕ್ಕ. ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲ ಕಡೆ ಒಂದೇ ಘಟಕ ಇಡಿ.

ಆಮೇಲೆ ಕೂಡಿಸುವ ರೀತಿ. ಪ್ರತಿ ಪ್ರೋಸೆಸ್‌ನ ಆರ್‌ಎಸ್‌ಎಸ್ (ಅದು ಈಗ ಹಿಡಿದಿರುವ ಮೆಮೊರಿ) ಕೂಡಿಸಿದರೆ ಕೆಲವೊಮ್ಮೆ ಮೆಷಿನ್‌ನಲ್ಲಿ ಇರುವ ರ‍್ಯಾಮಿಗಿಂತ ಜಾಸ್ತಿ ಬರುತ್ತದೆ. ಹಲವು ಪ್ರೋಸೆಸ್‌ಗಳು ಹಂಚಿಕೊಂಡ ಪುಟಗಳನ್ನು (ಮೆಮೊರಿಯ ಸಣ್ಣ ತುಂಡುಗಳು) ಅದು ಪ್ರತಿಯೊಬ್ಬರ ಲೆಕ್ಕಕ್ಕೂ ಸೇರಿಸುತ್ತದೆ. ಪೋಸ್ಟ್‌ಗ್ರೆಸ್, ಅಪಾಚೆಯಂಥ ಬಹಳ ಮರಿ ಪ್ರೋಸೆಸ್‌ಗಳಿರುವ ಸರ್ವಿಸ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ಹಂಚಿಕೆಯನ್ನು ಭಾಗ ಮಾಡಿ ಹೇಳುವುದು ಪಿಎಸ್‌ಎಸ್, ಕೂಡಿಸುವುದಿದ್ದರೆ ಅದನ್ನು ಕೂಡಿಸಿ. ವಿಎಸ್‌ಜೆಡ್ ನೋಡಿ ಹೆದರಲೇಬೇಡಿ, ಅದು ಕೇಳಿಟ್ಟುಕೊಂಡ ವಿಳಾಸಗಳ ಲೆಕ್ಕ, ಬಳಸಿದ ರ‍್ಯಾಮಿನದ್ದಲ್ಲ.

ಡಾಕರ್ (ಪ್ರೋಗ್ರಾಮನ್ನು ಕಂಟೇನರ್ ಅನ್ನುವ ಪ್ರತ್ಯೇಕ ಆವರಣದಲ್ಲಿ ಓಡಿಸುವ ಸಾಧನ) ಇದ್ದರೆ ಇನ್ನೊಂದು ಗೊಂದಲ. ಕಂಟೇನರ್ ಒಳಗೆ ‘ಫ್ರೀ’ ಹೊಡೆದರೆ ಸಾಮಾನ್ಯವಾಗಿ ಇಡೀ ಮೆಷಿನ್‌ನ ಮೆಮೊರಿ ಕಾಣುತ್ತದೆ, ಆ ಕಂಟೇನರಿಗೆ ಕೊಟ್ಟ ಮಿತಿ ಕಾಣುವುದಿಲ್ಲ. ಮೆಷಿನ್‌ನಲ್ಲಿ 5 ಜಿಬಿ ಬಿಡುವಿದ್ದರೂ 512 ಎಂಬಿ ಮಿತಿಯ ಕಂಟೇನರ್ ಸಾಯುತ್ತಿರಬಹುದು. ಈ ಮಿತಿ ಹಾಕುವುದು ಕರ್ನಲ್‌ನ ಸಿಗ್ರೂಪ್, ಅದರ ಎರಡನೇ ಆವೃತ್ತಿಯಲ್ಲಿ ‘ಮೆಮೊರಿ.ಕರೆಂಟ್’, ‘ಮೆಮೊರಿ.ಮ್ಯಾಕ್ಸ್’ ಫೈಲುಗಳನ್ನು ಓದಿ. ‘ಮೆಮೊರಿ.ಇವೆಂಟ್ಸ್’ ಒಳಗಿನ ‘ಊಮ್ ಕಿಲ್’ (ಮೆಮೊರಿ ಸಾಲದೆ ಕರ್ನಲ್ ಕೊಂದದ್ದು) ಎಣಿಕೆಯನ್ನು ಮಾನಿಟರಿಂಗ್‌ಗೆ ಸೇರಿಸಿ. ಆ ಎಣಿಕೆ ಒಂದು ಏರಿದರೂ ಅಲರ್ಟ್ ಬರಬೇಕು.

## ರಾತ್ರಿ ಸರ್ವಿಸ್ ತಾನಾಗಿ ನಿಂತಿತ್ತು, ಲಾಗ್‌ನಲ್ಲಿ ಏನೂ ಇಲ್ಲ

ಬೆಳಿಗ್ಗೆ ಬಂದು ನೋಡಿದರೆ ಬಿಲ್ಲಿಂಗ್ ನಿಂತಿದೆ. ಅದರ ಸ್ವಂತ ಲಾಗ್‌ನಲ್ಲಿ ಕೊನೆ ಸಾಲು ಎಂದಿನಂತೆ ಸಾಮಾನ್ಯ. ಎರರ್ ಇಲ್ಲ. ಹೀಗಿದ್ದರೆ ಮೊದಲ ಅನುಮಾನ ಊಮ್ ಕಿಲ್ಲರ್ ಮೇಲೆ. ಮೆಮೊರಿ ಪೂರ್ತಿ ಮುಗಿದಾಗ ಕರ್ನಲ್ ಒಂದು ಪ್ರೋಸೆಸನ್ನು ಆರಿಸಿ 9ನೇ ಸಿಗ್ನಲ್ ಕೊಟ್ಟು ಕೊಲ್ಲುತ್ತದೆ. ಆ ಸಿಗ್ನಲ್ ಬಂದ ಪ್ರೋಗ್ರಾಮಿಗೆ ಒಂದು ಸಾಲು ಬರೆಯೋಕೂ ಸಮಯ ಸಿಗುವುದಿಲ್ಲ, ಅದಕ್ಕೇ ಅದರ ಲಾಗ್ ಮೌನ. ಎಕ್ಸಿಟ್ ಕೋಡ್ 137 ಅಂತ ಕಂಡರೆ 128ಕ್ಕೆ 9 ಕೂಡಿಸಿದ್ದು, ಅಂದರೆ ಅದೇ ಸಿಗ್ನಲ್. ಕೈಯಾರೆ ಕಿಲ್ ಮಾಡಿದರೂ ಇದೇ ಕೋಡ್ ಬರುತ್ತದೆ, ಆದ್ದರಿಂದ ಕರ್ನಲ್ ಲಾಗ್‌ನಲ್ಲಿ ಖಚಿತ ಮಾಡಿಕೊಳ್ಳಿ.

‘ಜರ್ನಲ್‌ಸಿಟಿಎಲ್ -ಕೆ’ ಕೊಟ್ಟು ಜರ್ನಲ್‌ನಲ್ಲಿ (ಸಿಸ್ಟಂ ಲಾಗ್) ‘ಔಟ್ ಆಫ್ ಮೆಮೊರಿ’ ಹುಡುಕಿ. ಮೆಷಿನ್ ಆಮೇಲೆ ರೀಬೂಟ್ ಆಗಿದ್ದರೆ ‘-ಬಿ -1’ ಸೇರಿಸಿ, ಹಿಂದಿನ ಬೂಟ್‌ನ ಲಾಗ್ ಬರುತ್ತದೆ. ಸಾಲಿನ ಶುರುವಿನಲ್ಲಿ ‘ಮೆಮೊರಿ ಸಿಗ್ರೂಪ್’ ಅಂತಿದ್ದರೆ ಮುಗಿದದ್ದು ಕಂಟೇನರ್ ಅಥವಾ ಸರ್ವಿಸ್‌ನ ಮಿತಿ. ಇಲ್ಲದಿದ್ದರೆ ಸಾಮಾನ್ಯವಾಗಿ ಮೆಷಿನ್‌ನ ಮೆಮೊರಿಯೇ ಮುಗಿದಿದೆ.

ಈಗ ನಿಧಾನವಾಗಿ ಓದಬೇಕಾದ ಜಾಗ. ಕೊಂದ ಸಾಲಿನ ಮೇಲೆ ಕರ್ನಲ್ ಒಂದು ಪಟ್ಟಿ ಬರೆದಿರುತ್ತದೆ, ಆ ಕ್ಷಣದಲ್ಲಿ ಯಾರ ಹತ್ತಿರ ಎಷ್ಟಿತ್ತು ಅಂತ. ಅಲ್ಲಿನ ಆರ್‌ಎಸ್‌ಎಸ್ ಕಾಲಂ ಕೆಬಿಯಲ್ಲಿ ಇರೋದಿಲ್ಲ, ಪುಟಗಳ ಲೆಕ್ಕದಲ್ಲಿ ಇರುತ್ತದೆ. ನಾವು ಬಳಸುವ ಇಂಟೆಲ್, ಎಎಂಡಿ ಮೆಷಿನ್‌ಗಳಲ್ಲಿ ಒಂದು ಪುಟ ಅಂದರೆ 4 ಕೆಬಿ. 3,00,000 ಅಂತ ಕಂಡರೆ ನಾಲ್ಕರಿಂದ ಗುಣಿಸಿ, 1.1 ಜಿಬಿಗಿಂತ ಸ್ವಲ್ಪ ಜಾಸ್ತಿ. ಇದನ್ನು ಕೆಬಿ ಅಂದುಕೊಂಡು ‘ಇಷ್ಟೇ ಇದ್ದದ್ದು, ಇದಲ್ಲ ಕಾರಣ’ ಅಂತ ಮುಂದೆ ಹೋಗುವವರು ಬಹಳ.

ಸತ್ತವನೇ ತಪ್ಪಿತಸ್ಥ ಅಂತಲೂ ಇಲ್ಲ. ಕರ್ನಲ್ ಹೆಚ್ಚಾಗಿ ದೊಡ್ಡವನನ್ನು ಹಿಡಿಯುತ್ತದೆ. ಶನಿವಾರ ಬಟವಾಡೆ ವರದಿ ತೆಗೆಯುವ ಪ್ರೋಗ್ರಾಂ ಅರ್ಧ ಗಂಟೆಯಲ್ಲಿ ಉಬ್ಬುತ್ತಾ ಬಂದಿರುತ್ತದೆ, ಆದರೆ ಅದಕ್ಕಿಂತ ದೊಡ್ಡದಾಗಿ ತಿಂಗಳುಗಟ್ಟಲೆ ಶಿಸ್ತಿನಿಂದ ಕೂತಿದ್ದ ಮೈಎಸ್‌ಕ್ಯುಎಲ್ ಪೆಟ್ಟು ತಿನ್ನುತ್ತದೆ. ಎಲ್ಲರೂ ಮೈಎಸ್‌ಕ್ಯುಎಲ್ ಕೆಟ್ಟಿದೆ ಅಂತ ಅದನ್ನೇ ಬಿಚ್ಚುತ್ತಾ ಕೂರುತ್ತಾರೆ. ಹೀಗಾಗಬಾರದು ಅಂದರೆ ಮಾನಿಟರಿಂಗ್‌ನಲ್ಲಿ ಒಟ್ಟು ಮೆಮೊರಿಯ ಜೊತೆ ಮೊದಲ ಐದು ದೊಡ್ಡ ಪ್ರೋಸೆಸ್‌ಗಳ ಅಳತೆಯೂ ದಾಖಲಾಗಬೇಕು.

‘-ಬಿ -1’ ಕೊಟ್ಟರೆ ಏನೂ ಸಿಗುತ್ತಿಲ್ಲವಾ? ಜರ್ನಲ್ ರ‍್ಯಾಮ್‌ನಲ್ಲೇ ಇದೆ, ರೀಬೂಟ್‌ಗೆ ಅಳಿಸಿ ಹೋಗುತ್ತಿದೆ. ಜರ್ನಲ್ ಬರೆಯುವ ಜರ್ನಲ್‌ಡಿ ಸರ್ವಿಸ್‌ನ ಸೆಟ್ಟಿಂಗ್ ಫೈಲಿನಲ್ಲಿ ‘ಸ್ಟೋರೇಜ್’ ಅನ್ನು ‘ಪರ್ಸಿಸ್ಟೆಂಟ್’ ಮಾಡಿ. ನಮ್ಮ ಕಡೆಗೆ ಬಹಳ ಮುಖ್ಯವಾದ ಇನ್ನೊಂದು ಸೆಟ್ಟಿಂಗ್ ಇದೆ, ‘ಸಿಂಕ್ ಇಂಟರ್ವಲ್ ಸೆಕ್’. ಲಾಗನ್ನು ಎಷ್ಟು ಹೊತ್ತಿಗೊಮ್ಮೆ ಡಿಸ್ಕಿಗೆ ಖಚಿತವಾಗಿ ಇಳಿಸಬೇಕು ಅನ್ನೋದು, ಮಾಮೂಲಿ 5 ನಿಮಿಷ. ಕ್ರಿಟಿಕಲ್ ಮತ್ತು ಅದಕ್ಕಿಂತ ಮೇಲಿನ ಮಟ್ಟದ ಸಾಲುಗಳು ಮಾತ್ರ ಆಗಲೇ ಡಿಸ್ಕಿಗೆ ಹೋಗುತ್ತವೆ, ಮಾಮೂಲಿ ಎರರ್ ಕಾಯುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮರ ಬಿದ್ದು ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟರೆ ನಿಮಗೆ ಬೇಕಾದ ಆ ಕೊನೆಯ ನಿಮಿಷಗಳೇ ಮಾಯ. 30 ಸೆಕೆಂಡಿಗೆ ಇಳಿಸಿ. ಎಸ್‌ಎಸ್‌ಡಿ ಮೇಲೆ ಸ್ವಲ್ಪ ಬರವಣಿಗೆ ಜಾಸ್ತಿ ಆಗುತ್ತದೆ, ಆಗಲಿ.

## ಗ್ರಾಫ್ ದಿನದಿಂದ ದಿನಕ್ಕೆ ಏರುತ್ತಲೇ ಇದೆ

ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಇಳಿಯುತ್ತದೆ, ಮತ್ತೆ ಏರುತ್ತದೆ. ಸೋರಿಕೆ (ಪ್ರೋಗ್ರಾಂ ತೆಗೆದುಕೊಂಡ ಮೆಮೊರಿ ವಾಪಸ್ ಕೊಡದಿರುವುದು) ಇರಬಹುದು. ಎರಡು ಮೂರು ದಿನದ ಗ್ರಾಫ್ ನೋಡಿ ತೀರ್ಮಾನ ಮಾಡಬೇಡಿ. ಏರಿ ಒಂದು ಮಟ್ಟದಲ್ಲಿ ಸಮತಟ್ಟಾದರೆ ಅದು ಪ್ರೋಗ್ರಾಮಿನ ಸಹಜ ಗಾತ್ರ. ಜಾವಾ ಪ್ರೋಗ್ರಾಂಗಳು ಹೀಪ್ (ಡೇಟಾ ಇಡೋಕೆ ಕೊಟ್ಟ ಮೆಮೊರಿ) ಮಿತಿಯವರೆಗೆ ಹಿಗ್ಗಿ ಅಲ್ಲೇ ಕೂರೋದು ಮಾಮೂಲು. ಹೀಪ್ 2 ಜಿಬಿ ಕೊಟ್ಟಿದ್ದರೂ ಪ್ರೋಸೆಸ್ ಅದಕ್ಕಿಂತ ಜಾಸ್ತಿ ತಿನ್ನುತ್ತದೆ, ಥ್ರೆಡ್, ಮೆಟಾಸ್ಪೇಸ್ ಎಲ್ಲ ಹೀಪ್ ಹೊರಗಿನ ಲೆಕ್ಕ.

ಯಾವ ಪ್ರೋಸೆಸ್ಸೂ ಬೆಳೆಯುತ್ತಿಲ್ಲ, ಆದರೂ ಅವೈಲಬಲ್ ಇಳಿಯುತ್ತಿದೆ ಅಂದರೆ ‘ಸ್ಲ್ಯಾಬ್‌ಟಾಪ್’ ನೋಡಿ, ಕರ್ನಲ್ ತಾನೇ ಹಿಡಿದಿರಬಹುದು. ಜೆಡ್‌ಎಫ್‌ಎಸ್ ಫೈಲ್‌ಸಿಸ್ಟಂ ಹಾಕಿದ್ದರೆ ಅದರ ಎಆರ್‌ಸಿ ಕ್ಯಾಶ್ ‘ಯೂಸ್ಡ್’ ಲೆಕ್ಕಕ್ಕೆ ಸೇರುತ್ತದೆ, ಅದನ್ನು ಸೋರಿಕೆ ಅಂದುಕೊಳ್ಳಬೇಡಿ.

ಸೋರಿಕೆ ಖಚಿತವಾದರೆ ನಿಮ್ಮ ಕೆಲಸ ಅಲ್ಲಿಗೆ ನಿಂತಿತು, ಸಾಫ್ಟ್‌ವೇರ್ ಬರೆದವರಿಗೆ ತಿಳಿಸಿ. ಅವರು ಹೀಪ್ ಡಂಪ್ (ಹೀಪ್‌ನ ಪೂರ್ತಿ ಪ್ರತಿ) ಕೇಳುತ್ತಾರೆ. ಅದರೊಳಗೆ ಸದಸ್ಯರ ಖಾತೆ ನಂಬರು, ಗೆಸ್ಟ್‌ಗಳ ಫೋನ್ ನಂಬರು, ಪಾಸ್‌ವರ್ಡ್, ಎಲ್ಲವೂ ತೆರೆದೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಾಕಬೇಡಿ. ಎನ್‌ಕ್ರಿಪ್ಟ್ ಮಾಡಿ ಕಳಿಸಿ, ಕೆಲಸ ಮುಗಿದ ಮೇಲೆ ಎರಡೂ ಕಡೆ ಅಳಿಸಿ.

## ಎಲ್ಲವೂ ಆಮೆ ವೇಗ, ಹಾರ್ಡ್‌ಡಿಸ್ಕ್ ಲೈಟ್ ಬಿಡುವಿಲ್ಲದೆ ಮಿಣುಕುತ್ತಿದೆ

‘ವಿಎಂಸ್ಟ್ಯಾಟ್ 1’ ಹೊಡೆದು ಎಸ್‌ಐ, ಎಸ್‌ಒ ಕಾಲಂ ನೋಡಿ. ಸ್ವಾಪ್ ಅಂದರೆ ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ, ಎಸ್‌ಐ ಅಲ್ಲಿಂದ ವಾಪಸ್ ಬಂದದ್ದು, ಎಸ್‌ಒ ಅಲ್ಲಿಗೆ ಹೋದದ್ದು. ಮೊದಲ ಸಾಲು ಬೂಟ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ, ಅದನ್ನು ಬಿಡಿ. ಸ್ವಾಪ್‌ನಲ್ಲಿ 1 ಜಿಬಿ ಕೂತಿದೆ ಅನ್ನೋದೇ ತೊಂದರೆ ಅಲ್ಲ. ಎಸ್‌ಐ, ಎಸ್‌ಒ ಎರಡೂ ಸತತವಾಗಿ ಓಡುತ್ತಿದ್ದರೆ ಮೆಮೊರಿ ನಿಜವಾಗಿಯೂ ಸಾಲುತ್ತಿಲ್ಲ. ಕರ್ನಲ್ 4.20 ಆದಮೇಲೆ ಇದಕ್ಕಿಂತ ನೇರವಾದ ಅಳತೆ ಬಂದಿದೆ, ‘ಪ್ರೋಕ್’ ಕೆಳಗೆ ‘ಪ್ರೆಶರ್’ ಫೋಲ್ಡರಿನ ‘ಮೆಮೊರಿ’ ಫೈಲ್. ಅದರಲ್ಲಿ ‘ಫುಲ್’ ಸಾಲು ಮೆಮೊರಿಗಾಗಿ ಎಲ್ಲ ಕೆಲಸವೂ ನಿಂತು ಕಾದ ಸಮಯದ ಶೇಕಡಾ ಹೇಳುತ್ತದೆ. ಅದರ 60 ಸೆಕೆಂಡಿನ ಸರಾಸರಿ 5 ದಾಟಿದರೆ ಅಲರ್ಟ್ ಇಡಿ ಅಂತ ನಾನು ಹೇಳುತ್ತೇನೆ. ಆ ಫೈಲ್ ಓದೋಕೆ ಬರದಿದ್ದರೆ ಬೂಟ್ ಆಯ್ಕೆಯಲ್ಲಿ ‘ಪಿಎಸ್‌ಐ=1’ ಬೇಕಾಗಬಹುದು.

ರ‍್ಯಾಮ್ ತರಿಸುವ ಮಾತು ಬರಬೇಕಾದದ್ದು ಇಲ್ಲಿ. ಇದಕ್ಕಿಂತ ಮೊದಲು ಅಲ್ಲ. ಒಂದು ವಿಷಯ, ಓಡುತ್ತಿರುವ ಸರ್ವರ್‌ನಲ್ಲಿ ‘ಸ್ವಾಪ್‌ಆಫ್’ ಮಾಡಬೇಡಿ. ಸ್ವಾಪ್‌ನಲ್ಲಿರುವುದೆಲ್ಲ ಆಗಲೇ ರ‍್ಯಾಮಿಗೆ ವಾಪಸ್ ಬರಬೇಕು, ಜಾಗ ಇಲ್ಲದಿದ್ದರೆ ಊಮ್ ಕಿಲ್ಲರನ್ನು ನೀವೇ ಕರೆದ ಹಾಗೆ.

## ಲಾಗ್ ತುಂಬಾ ಇದೆ, ಉಪಯೋಗಕ್ಕೆ ಬರೋದು ಒಂದೂ ಇಲ್ಲ

‘ಎರರ್: ಆಪರೇಷನ್ ಫೇಲ್ಡ್’. ಇಂಥ ಸಾಲು ಸಾವಿರ ಇದ್ದರೂ ಏನು ಪ್ರಯೋಜನ? ಮಾನಿಟರಿಂಗ್ ಸ್ಕ್ರಿಪ್ಟು ನೀವೇ ಬರೆಯುತ್ತಿದ್ದರೆ ಸಾಲು ಹೀಗಿರಲಿ:

2025-01-18 02:10:07 +05:30, ಎರರ್, ಬಟವಾಡೆ ವರದಿ, ಪಿಐಡಿ 1432, 512 ಎಂಬಿ ಕೇಳಿತು ಸಿಗಲಿಲ್ಲ, ಅವೈಲಬಲ್ 190 ಎಂಬಿ, ಸ್ವಾಪ್ ಬಾಕಿ 0

ಯಾವಾಗ, ಯಾರು, ಏನು ಮಾಡುವಾಗ, ಎಷ್ಟು ಕೇಳಿದರು, ಆಗ ಎಷ್ಟಿತ್ತು. ಇಷ್ಟಿದ್ದರೆ ಮೂರು ತಿಂಗಳ ನಂತರ ಓದುವವರಿಗೂ ಅರ್ಥ ಆಗುತ್ತದೆ. ಅಳತೆಯೇ ಸಿಗದಿದ್ದಾಗ ಸ್ಕ್ರಿಪ್ಟು 0 ಕಳಿಸಬಾರದು. ಮೆಮೊರಿ ಸೊನ್ನೆ ಅನ್ನೋದು ಬೇರೆ, ಓದಲಾಗಲಿಲ್ಲ ಅನ್ನೋದು ಬೇರೆ. ಓದಲಾಗದಿದ್ದರೆ ಹಾಗೆಂದೇ ಬರೆಯಲಿ, ಯಾಕೆ ಅಂತಲೂ ಬರೆಯಲಿ.

ಒಂದೇ ಎರರ್ ಸೆಕೆಂಡಿಗೆ ನೂರು ಸಲ ಬಂದರೆ ಮೊದಲನೆಯದನ್ನು ಪೂರ್ತಿ ಬರೆದು, ಆಮೇಲೆ ನಿಮಿಷಕ್ಕೊಮ್ಮೆ ‘ಇದೇ ಎರರ್ ಇಷ್ಟು ಸಲ’ ಅಂತ ಬರೆಸಿ. ಇಲ್ಲದಿದ್ದರೆ ಜರ್ನಲ್‌ಡಿ ತಾನೇ ಕತ್ತರಿಸುತ್ತದೆ. ಮಾಮೂಲಿ ಮಿತಿ ಒಂದು ಸರ್ವಿಸ್‌ಗೆ 30 ಸೆಕೆಂಡಿಗೆ 10,000 ಸಾಲು, ಡಿಸ್ಕಿನಲ್ಲಿ ಜಾಗ ಧಾರಾಳವಾಗಿದ್ದರೆ ಇನ್ನೂ ಹೆಚ್ಚು. ‘ಸಪ್ರೆಸ್ಡ್’ ಅಂತ ಸಾಲು ಕಂಡರೆ ನಡುವೆ ಕೆಲವು ಹೋಗಿವೆ ಅಂತ ಅರ್ಥ, ಹೋದದ್ದರಲ್ಲಿ ನಿಮಗೆ ಬೇಕಾದದ್ದೂ ಇರಬಹುದು. ಡಿಬಗ್ ಮಟ್ಟವನ್ನು ಹುಡುಕುವಾಗ ಮಾತ್ರ ಏರಿಸಿ. ಜ್ಯಾಬಿಕ್ಸ್ ಏಜೆಂಟ್‌ನಲ್ಲಿ ಮಾಮೂಲಿ ಮಟ್ಟ 3, ಓಡುತ್ತಿರುವಾಗಲೇ ಏರಿಸಿ ಇಳಿಸಬಹುದು, ರೀಸ್ಟಾರ್ಟ್ ಬೇಡ.

ಡಿಸ್ಕ್ ತುಂಬಿದೆ, ದೊಡ್ಡ ಲಾಗ್ ಅಳಿಸಿದರೂ ಜಾಗ ಬಂದಿಲ್ಲ ಅಂದರೆ ಆ ಫೈಲನ್ನು ಯಾವುದೋ ಪ್ರೋಸೆಸ್ ಇನ್ನೂ ಹಿಡಿದಿದೆ. ‘ಎಲ್‌ಎಸ್‌ಒಎಫ್ +ಎಲ್1’ ತೋರಿಸುತ್ತದೆ (ಇದರಲ್ಲಿ + ಆದಮೇಲಿನ ಎಲ್ ಮಾತ್ರ ದೊಡ್ಡಕ್ಷರ). ಆ ಸರ್ವಿಸ್ ರೀಲೋಡ್ ಮಾಡಿ, ಮುಂದಕ್ಕೆ ಲಾಗ್‌ರೊಟೇಟ್ (ಹಳೆಯ ಲಾಗನ್ನು ತಾನಾಗಿ ಬದಲಿಸಿ ಅಳಿಸುವ ಸಾಧನ) ಸರಿಯಾಗಿ ಹಾಕಿ.

## ಗ್ರಾಫ್‌ನಲ್ಲಿ ನಡುನಡುವೆ ಖಾಲಿ

ಇದು ನಮ್ಮೂರಿನ ರೋಗ. ಸರ್ವರ್ ಬಿತ್ತಾ, ಲೈನ್ ಬಿತ್ತಾ? ‘ಅಪ್‌ಟೈಮ್’ ನೋಡಿ. ಮೆಷಿನ್ ಓಡುತ್ತಲೇ ಇದ್ದರೆ ಇಂಟರ್ನೆಟ್ ಹೋಗಿದ್ದು. ಪ್ರೊಮಿಥಿಯಸ್ ತಾನೇ ಬಂದು ಅಳತೆ ಒಯ್ಯುತ್ತದೆ, ಲೈನ್ ಇಲ್ಲದ ಹೊತ್ತಿನದು ಸಿಗುವುದಿಲ್ಲ. ಹಾಗಾಗಿ ಅದನ್ನು ದೂರದ ಕ್ಲೌಡ್‌ನಲ್ಲಿ ಇಡದೆ ಅದೇ ಆಫೀಸಿನ ಒಳಗೆ ಇಡೋದು ಒಳ್ಳೆಯದು. ಜ್ಯಾಬಿಕ್ಸ್ ಏಜೆಂಟ್ 2 ಇದ್ದರೆ ಪರ್ಸಿಸ್ಟೆಂಟ್ ಬಫರ್ ಆನ್ ಮಾಡಿ, ಆ್ಯಕ್ಟಿವ್ ಚೆಕ್‌ಗಳ ಅಳತೆಗಳನ್ನು ಡಿಸ್ಕಿನಲ್ಲಿ ಇಟ್ಟುಕೊಂಡು ಲೈನ್ ಬಂದ ಮೇಲೆ ಕಳಿಸುತ್ತದೆ. ಮಾಮೂಲಿ ಅವಧಿ 1 ಗಂಟೆ ಮಾತ್ರ. ಭಾಗಮಂಡಲ, ನಾಪೋಕ್ಲು ಕಡೆ ಜುಲೈ ತಿಂಗಳಲ್ಲಿ ಒಂದು ಗಂಟೆ ಯಾವ ಲೆಕ್ಕಕ್ಕೂ ಬರುವುದಿಲ್ಲ, ಮೂರು ದಿನಕ್ಕೆ ಏರಿಸಿ.

ಗ್ರಾಫ್ ಮತ್ತು ಲಾಗ್ ನಡುವೆ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಬರುತ್ತಿದ್ದರೆ ಒಂದು ಯುಟಿಸಿ (ಜಾಗತಿಕ ಸಮಯ), ಇನ್ನೊಂದು ನಮ್ಮ ಸಮಯ. ಬೇರೆ ಏನಾದರೂ ವ್ಯತ್ಯಾಸ ಇದ್ದರೆ ‘ಟೈಮ್‌ಡೇಟ್‌ಸಿಟಿಎಲ್’ ನೋಡಿ. ಪ್ರತಿ ಸಲ ಕರೆಂಟ್ ಹೋದ ಮೇಲೆ ಗಡಿಯಾರ ಹಿಂದಕ್ಕೆ ಹೋದರೆ ಮದರ್‌ಬೋರ್ಡಿನ ಬಟನ್ ಸೆಲ್ ಮುಗಿದಿದೆ, ಹೆಚ್ಚಿನವುಗಳಲ್ಲಿ ಅದು ಸಿಆರ್2032, ಅಗ್ಗದ ರಿಪೇರಿ.

## ಮಳೆಗಾಲದಲ್ಲಿ ಮಾತ್ರ ತಾನಾಗಿ ರೀಬೂಟ್, ದಿನಕ್ಕೊಂದು ಎರರ್

‘ಲಾಸ್ಟ್ -ಎಕ್ಸ್’ ಹೊಡೆಯಿರಿ. ರೀಬೂಟ್ ಇದೆ, ಅದರ ಮೊದಲು ಶಟ್‌ಡೌನ್ ಇಲ್ಲ ಅಂದರೆ ಮೆಷಿನ್ ಹೇಳದೆ ಕೇಳದೆ ಸತ್ತಿದೆ. ಮೊದಲ ಅನುಮಾನ ಯುಪಿಎಸ್ ಬ್ಯಾಟರಿ ಮೇಲೆ ಇರಲಿ, ರ‍್ಯಾಮ್ ಆಮೇಲೆ. ಒಂದೊಂದು ಸಲ ಒಂದೊಂದು ಪ್ರೋಗ್ರಾಂ ಕಾರಣವಿಲ್ಲದೆ ಬೀಳುವುದು, ಫೈಲ್ ಕೆಡುವುದು, ಲಾಗ್‌ನಲ್ಲಿ ಮೆಷಿನ್ ಚೆಕ್ ಅಥವಾ ಎಡ್ಯಾಕ್ ಸಾಲು (ಹಾರ್ಡ್‌ವೇರ್ ತಪ್ಪಿನ ವರದಿ), ಇವು ಕಂಡರೆ ರ‍್ಯಾಮ್ ಪರೀಕ್ಷೆ ಮಾಡಿ. ಇಸಿಸಿ (ಸಣ್ಣ ತಪ್ಪನ್ನು ತಾನೇ ತಿದ್ದುವ) ರ‍್ಯಾಮ್ ಇರುವ ಸರ್ವರ್‌ನಲ್ಲಿ ‘ಕರೆಕ್ಟೆಡ್’ ಎಣಿಕೆ ಅಪರೂಪಕ್ಕೆ ಒಂದು ಬಂದರೆ ನಡೆಯುತ್ತದೆ, ಅದೇ ಸ್ಲಾಟಿನಲ್ಲಿ ಏರುತ್ತಾ ಹೋದರೆ ಬದಲಿಸುವ ಕಾಲ. ‘ಅನ್‌ಕರೆಕ್ಟೆಡ್’ ಕಂಡರೆ ಅವತ್ತೇ ಸರ್ವರ್ ನಿಲ್ಲಿಸಿ.

ಪರೀಕ್ಷೆಗೆ ಮೆಮ್‌ಟೆಸ್ಟ್86+ ಸಾಕು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. ಒಂದೇ ಒಂದು ಎರರ್ ಬಂದರೂ ಬಂತು ಅಂತಲೇ ಲೆಕ್ಕ. ಎರರ್ ಬಂದರೆ ಒಮ್ಮೆ ಸ್ಲಾಟಿನಿಂದ ತೆಗೆದು ಮತ್ತೆ ಕೂರಿಸಿ ನೋಡಬಹುದು, ಇಲ್ಲಿನ ತೇವಕ್ಕೆ ಸಂಪರ್ಕದ ಪಟ್ಟಿ ಮಂಕಾಗಿರುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ಇದೆ, ಅದರ ಪುಡಿ ಸ್ಲಾಟಿಗೆ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನೂಲು ಬಿಡದ ಬಟ್ಟೆ ವಾಸಿ. ಪೂರ್ತಿ ಒಣಗಿದ ಮೇಲೇ ಹಾಕಿ.

ಕ್ಯಾಬಿನೆಟ್ ತೆಗೆಯುವ ಮೊದಲು ಶಟ್‌ಡೌನ್ ಮಾಡಿ ಪವರ್ ವೈರ್ ಕಿತ್ತು ಪಕ್ಕಕ್ಕಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಎರಡು ಪವರ್ ಸಪ್ಲೈ ಇದ್ದರೆ ಎರಡನ್ನೂ ಕೀಳಿ. ಒದ್ದೆ ಕೈ, ಒದ್ದೆ ನೆಲ ಬೇಡ, ಗುಡುಗು ಸಿಡಿಲು ಇರುವಾಗ ಬೇಡವೇ ಬೇಡ. ಪವರ್ ಸಪ್ಲೈ ಡಬ್ಬಿ ಮತ್ತು ಯುಪಿಎಸ್ ಒಳಗೆ ಯಾವತ್ತೂ ಕೈ ಹಾಕಬೇಡಿ, ವೈರ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಚುರುಕ್ ಅಂದರೆ ಅರ್ತಿಂಗ್ ಸರಿಯಿಲ್ಲ, ಸರ್ವರ್ ಬಿಡಿ, ಮೊದಲು ಎಲೆಕ್ಟ್ರೀಷಿಯನ್ ಕರೆಸಿ. ಯುಪಿಎಸ್ ಬ್ಯಾಟರಿ ಉಬ್ಬಿದ್ದರೆ, ಹುಳಿ ವಾಸನೆ ಬಂದರೆ ಆ ಕೋಣೆಯ ಕಿಟಕಿ ತೆಗೆದು ದೂರ ನಿಲ್ಲಿ, ಅದನ್ನು ಸರ್ವಿಸ್‌ನವರೇ ತೆಗೆಯಲಿ.

ಅನ್‌ಕರೆಕ್ಟೆಡ್ ಎರರ್, ಡೇಟಾಬೇಸ್ ಫೈಲ್ ಕೆಟ್ಟಿದೆ ಅನ್ನುವ ಸಾಲು, ಸುಟ್ಟ ವಾಸನೆ, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೆ ನಿಲ್ಲಿಸಿ ಗೊತ್ತಿರುವವರನ್ನು ಕರೆಯಿರಿ. ಮಡಿಕೇರಿಯಿಂದಲೋ ಮೈಸೂರಿನಿಂದಲೋ ಅವರು ಬರುವಷ್ಟರಲ್ಲಿ ಮೆಷಿನ್ ಸುರಕ್ಷಿತವಾಗಿ ಓಡುತ್ತಿದ್ದರೆ ಇಷ್ಟು ತೆಗೆದಿಡಿ: ‘ಫ್ರೀ’ ಮತ್ತು ‘ಮೆಮ್‌ಇನ್ಫೋ’ ತೋರಿಸಿದ್ದು, ಹಿಂದಿನ ಬೂಟ್‌ನ ಕರ್ನಲ್ ಲಾಗ್, ತೊಂದರೆ ಆಗುವ ಹಿಂದಿನ ಎರಡು ಗಂಟೆಯ ಗ್ರಾಫ್, ಮತ್ತು ಆ ಹೊತ್ತಿನಲ್ಲಿ ಆಫೀಸಿನಲ್ಲಿ ಯಾರು ಯಾವ ವರದಿ ತೆಗೆಯುತ್ತಿದ್ದರು ಅನ್ನೋದು. ಕೊನೆಯದನ್ನು ರೈಟರ್ ಹತ್ತಿರವೇ ಕೇಳಿ ಬರೆದುಕೊಳ್ಳಿ.